ಹಳೆ ಕಂಬಳಿ, ಹೊಸ ಉಡುಪು: ಕಾಫಿ ಮಲೆಯ ಕೊಪ್ಪೆಗೂ ಸ್ಕಾಟ್ಲೆಂಡಿನ ಕಿಲ್ಟ್‌ಗೂ ಇರುವ ನಂಟು

ಚಿಕ್ಕಮಗಳೂರು: ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆ ಛತ್ರಿಯ ಮರ್ಯಾದೆ ಮುಗಿದಂತೆಯೇ. ಬಸ್ ನಿಲ್ದಾಣದಿಂದ ಅಂಗಡಿಗೆ ಹೋಗುವವರಿಗೆ ಅದು ಸಾಕಾಗಬಹುದು. ಆದರೆ ಕಾಫಿ ತೋಟದ ಇಳಿಜಾರಿನಲ್ಲಿ ಚರಂಡಿ ಬಿಡಿಸುವವರಿಗೆ, ಬೋರರ್ ಹಿಡಿದ ಗಿಡ ಕಿತ್ತ ಜಾಗದಲ್ಲಿ ಹೊಸ ಸಸಿ ನೆಡುವವರಿಗೆ, ಕೊಳೆರೋಗ ಬಂದ ಎಲೆ ಕಾಯಿಗಳನ್ನು ಆರಿಸಿ ತೆಗೆಯುವವರಿಗೆ ಎರಡು ಕೈಗಳೂ ಬೇಕು. ಗಾಳಿಯೊಂದಿಗೆ ಓರೆಯಾಗಿ ಬೀಸುವ ಮಳೆಗೆ ಛತ್ರಿ ತಡೆಯೂ ಅಲ್ಲ. ಈ ಕಾರಣಕ್ಕಾಗಿಯೇ ಮಲೆನಾಡಿನ ದುಡಿಯುವ ಜನ ತಲೆಮಾರುಗಳ ಕಾಲ ಮಳೆಗಾಲದಲ್ಲಿ ನೆಚ್ಚಿಕೊಂಡಿದ್ದು ಎರಡು ವಸ್ತುಗಳನ್ನು. ಒಂದು, ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿ ಕಟ್ಟಿದ ಗೊರಬು. ಇನ್ನೊಂದು, ಕಂಬಳಿ ಕೊಪ್ಪೆ.

ಮಲೆನಾಡಿನ ಕಾದಂಬರಿಗಳನ್ನು ಓದಿದವರಿಗೆ ಕೊಪ್ಪೆ ಎಂಬ ಶಬ್ದ ಹೊಸತಲ್ಲ. ಆದರೆ ಅದು ಏನು, ಹೇಗೆ ಮಾಡುತ್ತಾರೆ, ಒದ್ದೆಯಾದ ಮೇಲೂ ಅದೇಕೆ ಮೈಯನ್ನು ಬೆಚ್ಚಗಿಡುತ್ತದೆ ಎಂಬುದು ನಗರದ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ಕೊಪ್ಪೆ ಪ್ರತ್ಯೇಕವಾಗಿ ನೇಯ್ದ ಉಡುಪಲ್ಲ. ರಾತ್ರಿ ಹೊದೆಯುವ ಕಂಬಳಿಯೇ ಬೆಳಿಗ್ಗೆ ಒಂದು ಮಡಿಕೆ, ಒಂದು ಗಂಟು ಅಥವಾ ನಾಲ್ಕು ಹೊಲಿಗೆಯಿಂದ ಕೊಪ್ಪೆಯಾಗುತ್ತದೆ. ಸಂಜೆ ಬಿಚ್ಚಿದರೆ ಮತ್ತೆ ಕಂಬಳಿ. ಹೊದಿಕೆಯನ್ನೇ ಉಡುಪಾಗಿಸುವ ಈ ಜಾಣ್ಮೆ ಮಲೆನಾಡಿಗೆ ಮಾತ್ರ ಸೀಮಿತವಲ್ಲ. ಜಗತ್ತಿನ ಇನ್ನೊಂದು ಮಳೆನಾಡಾದ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕಿಲ್ಟ್ ಕೂಡ ಹುಟ್ಟಿದ್ದು ಹೀಗೆಯೇ. ಮನೆಯಲ್ಲಿರುವ ಹಳೆಯ ಉಣ್ಣೆ ಹೊದಿಕೆಯನ್ನು ಎಸೆಯಬೇಕೆ, ಉಡಬೇಕೆ ಎಂಬ ಪ್ರಶ್ನೆಗೆ ಇವೆರಡನ್ನೂ ಜೊತೆಯಾಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಬರದ ಸೀಮೆಯಿಂದ ಮಳೆಯ ಸೀಮೆಗೆ

ಮೊದಲು ಕಂಬಳಿಯ ವಿಚಾರ. ಕಾಫಿ ಮಲೆಗಳಲ್ಲಿ ಕುರಿ ಸಾಕಣೆ ಇಲ್ಲವೆಂದೇ ಹೇಳಬೇಕು. ತಿಂಗಳುಗಟ್ಟಲೆ ಒದ್ದೆಯಾಗಿರುವ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ರಾಜ್ಯದ ಅತಿ ಹೆಚ್ಚು ಮಳೆಯ ಪ್ರದೇಶಕ್ಕೆ ಮಳೆಯ ಉಡುಪು ಬರುತ್ತಿದ್ದುದು ಅತಿ ಕಡಿಮೆ ಮಳೆಯ ಪ್ರದೇಶದಿಂದ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಪ್ರಸಿದ್ಧವಾದ ಊರು. ಅಲ್ಲಿಯೂ ಸುತ್ತಲಿನ ಬಯಲುಸೀಮೆಯಲ್ಲಿಯೂ ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ನೇಯುವುದು ಕುರುಬ ಸಮುದಾಯದ ಕುಲಕಸುಬಾಗಿ ಬೆಳೆದುಬಂದಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಂಬಳಿ ನೇಯ್ಗೆಯನ್ನು ದಾಖಲಿಸಿದ್ದಾನೆ. ಕಂಬಳಿ ಎಂಬ ಮಾತು ಆಂಗ್ಲರ ಬಾಯಲ್ಲಿ ‘ಕಂಬ್ಲಿ’ಯಾಗಿ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟನ್ನೂ ಸೇರಿತು.

ದಖ್ಖನಿ ತಳಿಯ ಕುರಿಯ ಉಣ್ಣೆ ಒರಟು. ಸೂಟು ಹೊಲಿಯುವ ಮೆರಿನೋ ಉಣ್ಣೆಯ ಎಳೆ 24 ಮೈಕ್ರಾನ್‌ಗಿಂತ ತೆಳು. ದಖ್ಖನಿ ಎಳೆ 30 ಮೈಕ್ರಾನ್ ದಾಟುತ್ತದೆ, ನಡುನಡುವೆ ಕೂದಲಿನಂಥ ಟೊಳ್ಳು ಎಳೆಗಳೂ ಸೇರಿರುತ್ತವೆ. ಮೈಗೆ ಚುಚ್ಚುವುದು ಇದರಿಂದಲೇ. ಕಂಬಳಿಯ ಮೇಲೆ ಕುಳಿತು ಉಣ್ಣುವವನು ಕೂದಲು ಆರಿಸುತ್ತ ಕೂರಬಾರದು ಎಂಬರ್ಥದ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಇದೇ ಒರಟುತನ ಕಂಬಳಿಗೆ ಬಾಳಿಕೆ ಕೊಡುತ್ತದೆ. ಕರಿ, ಬೂದು, ಕಂದು ಎಲ್ಲವೂ ಕುರಿಯ ಸಹಜ ಬಣ್ಣಗಳಾದ್ದರಿಂದ ತೊಳೆದರೆ ಬಿಡುವ ಬಣ್ಣವೆಂಬುದಿಲ್ಲ.

ನೇಯುವ ಮೊದಲು ಹಾಸಿನ ನೂಲಿಗೆ ಹುಣಸೆ ಬೀಜ ಅರೆದು ಕುದಿಸಿದ ಸರಿಯನ್ನು ಬಳಿಯುತ್ತಾರೆ. ಎಳೆಗಳು ಒಂದಕ್ಕೊಂದು ಅಂಟಿ ಬಿಗಿಯಾಗಿ, ಲಾಳಿಯ ತಿಕ್ಕಾಟವನ್ನು ತಡೆದುಕೊಳ್ಳಲಿ ಎಂಬುದು ಉದ್ದೇಶ. ಹೊಸ ಕಂಬಳಿ ತಗಡಿನಂತೆ ಸೆಟೆದು ನಿಲ್ಲುವುದು ಈ ಸರಿಯಿಂದ. ಕುಣಿಮಗ್ಗದ ಅಗಲ ಕಡಿಮೆಯಾದ್ದರಿಂದ ಅನೇಕ ಕಂಬಳಿಗಳನ್ನು ಎರಡು ಉದ್ದ ಪಟ್ಟಿಗಳಾಗಿ ನೇಯ್ದು ನಡುವೆ ಕೈಹೊಲಿಗೆಯಿಂದ ಜೋಡಿಸಿರುತ್ತಾರೆ. ಈ ನಡುವಿನ ಹೊಲಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ಒದ್ದೆಯಾದರೂ ಬೆಚ್ಚಗೆ

ಕಂಬಳಿ ನೀರು ಹೀರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಹೀರುತ್ತದೆ, ಧಾರಾಳವಾಗಿ ಹೀರುತ್ತದೆ. ಉಣ್ಣೆಯ ಎಳೆಯ ಹೊರಮೈ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪೊರೆಗಳಿಂದ ಕೂಡಿದ್ದು, ಅದರ ಮೇಲೆ ಕುರಿಯ ಮೈಜಿಡ್ಡಿನ ಅಂಶವೂ ಉಳಿದಿರುತ್ತದೆ. ಬಿದ್ದ ಹನಿ ತಕ್ಷಣ ಒಳಗಿಳಿಯದೆ ಮೇಲೆಯೇ ಉರುಳುತ್ತದೆ. ಆದರೆ ಗಾಳಿಯಲ್ಲಿರುವ ಆವಿರೂಪದ ತೇವವನ್ನು ಎಳೆಯ ಒಳಭಾಗ ಸೆಳೆದುಕೊಳ್ಳುತ್ತದೆ. ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗಿಟ್ಟುಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಇನ್ನೊಂದು ವಿಶೇಷವೆಂದರೆ, ಹೀಗೆ ತೇವ ಸೆಳೆಯುವಾಗ ಉಣ್ಣೆ ಅಲ್ಪ ಪ್ರಮಾಣದ ಶಾಖವನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಒಣ ಜಾಗದಿಂದ ಮಳೆಗೆ ಇಳಿದ ಮೊದಲ ಹೊತ್ತಿನಲ್ಲಿ ಮೈಗೆ ಆಸರೆ ಸಿಗುತ್ತದೆ.

ಹತ್ತಿಯ ಬಟ್ಟೆ ನೆನೆದರೆ ಮೈಗಂಟಿ, ನಡುವಿನ ಗಾಳಿಯನ್ನು ಹೊರದೂಡುತ್ತದೆ. ಚಳಿ ಹಿಡಿಯುವುದು ಆಗಲೇ. ಉಣ್ಣೆಯ ಎಳೆ ಸುರುಳಿಯಾಗಿದ್ದು ನೆನೆದ ಮೇಲೂ ಪೂರ್ತಿ ಮಲಗುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಿಯೇ ಉಳಿಯುತ್ತದೆ. ಜುಲೈ ತಿಂಗಳಿನಲ್ಲಿ ದಿನವಿಡೀ ತೋಟದಲ್ಲಿ ನಿಲ್ಲುವವನಿಗೆ ಬೇಕಾದದ್ದು ನೆನೆಯದ ಉಡುಪಲ್ಲ, ನೆನೆದರೂ ನಡುಗಿಸದ ಉಡುಪು. ಪ್ಲಾಸ್ಟಿಕ್ ಹಾಳೆ ಇದಕ್ಕೆ ವಿರುದ್ಧ. ಹೊರಗಿನ ನೀರನ್ನು ಅದು ಪೂರ್ತಿ ತಡೆಯುತ್ತದೆ, ಜೊತೆಗೆ ಒಳಗಿನ ಬೆವರನ್ನೂ ತಡೆಯುತ್ತದೆ. ಗುದ್ದಲಿ ಹಿಡಿದು ಅರ್ಧ ಗಂಟೆ ದುಡಿದವನ ಅಂಗಿ ಒಳಗಿನಿಂದಲೇ ತೊಯ್ದಿರುತ್ತದೆ. ಕೈ ನಿಲ್ಲಿಸಿದ ಮರುಗಳಿಗೆ ಅದೇ ಬೆವರು ತಣ್ಣಗಾಗುತ್ತದೆ.

ಹಾಗೆಂದು ಕಂಬಳಿಯ ಕಷ್ಟಗಳನ್ನು ಮರೆಮಾಚುವುದು ಸರಿಯಲ್ಲ. ಪೂರ್ತಿ ನೆನೆದ ಕಂಬಳಿ ಹೊರಲಾರದಷ್ಟು ಭಾರ. ವಾಸನೆಯಂತೂ ಇದ್ದದ್ದೇ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ರಾತ್ರಿಯಿಡೀ ಹೊಗೆ ಶಾಖದಲ್ಲಿ ಒಣಗಿಸುತ್ತಿದ್ದರು. ಸೌದೆ ಒಲೆ ಇಲ್ಲದ ಇಕ್ಕಟ್ಟಾದ ಲೈನ್ ಮನೆಗಳಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಕೆಲವೇ ರೂಪಾಯಿಗೆ ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಪ್ಪೆ ಕೊಡವಿದರೆ ಒಣಗುತ್ತದೆ. ಜನ ಅತ್ತ ಹೊರಳಿದ್ದು ಅವಿವೇಕದಿಂದಲ್ಲ. ಇತ್ತ ಬಯಲುಸೀಮೆಯಲ್ಲಿಯೂ ಉಣ್ಣೆಗಿಂತ ಮಾಂಸಕ್ಕೆ ಬೆಲೆ ಬಂದು, ಉಣ್ಣೆ ಕೊಡದ ತಳಿಗಳು ಮಂದೆಗಳನ್ನು ಸೇರಿದವು. ನೇಯುವ ಕೈಗಳೂ ಕಡಿಮೆಯಾದವು. ಈಚಿನ ವರ್ಷಗಳಲ್ಲಿ ಅಸ್ಸಾಂ ಮೊದಲಾದ ರಾಜ್ಯಗಳಿಂದ ತೋಟಗಳಿಗೆ ಬಂದ ಕಾರ್ಮಿಕರಿಗೆ ಕೊಪ್ಪೆ ಕಟ್ಟುವ ರೂಢಿಯೇ ಇಲ್ಲ.

ಕಾರ್ಮಿಕನಿಗೆ ಮಳೆಯಿಂದ ರಕ್ಷಣೆ ಕೊಡುವುದು ಮಾಲೀಕನ ಔದಾರ್ಯದ ಮಾತಲ್ಲ ಎಂಬುದನ್ನು ಕಾನೂನು ಬಹಳ ಹಿಂದೆಯೇ ಹೇಳಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯ 17ನೇ ಸೆಕ್ಷನ್, ಮಳೆ ಚಳಿಗಳಿಂದ ರಕ್ಷಣೆಗಾಗಿ ಛತ್ರಿ, ಕಂಬಳಿ, ರೇನ್‌ಕೋಟ್ ಅಥವಾ ಅಂಥ ಸೌಲಭ್ಯವನ್ನು ಮಾಲೀಕರು ಒದಗಿಸಬೇಕೆಂದು ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿತ್ತು. ಆದರೆ ಆ ಕಾಯ್ದೆ ಅನ್ವಯವಾಗುತ್ತಿದ್ದುದು ದೊಡ್ಡ ತೋಟಗಳಿಗೆ ಮಾತ್ರ. 1981ರ ತಿದ್ದುಪಡಿಯ ನಂತರವೂ ಐದು ಹೆಕ್ಟೇರ್ ವಿಸ್ತೀರ್ಣ, ಹದಿನೈದು ಕಾರ್ಮಿಕರು ಎಂಬ ಮಿತಿ ಇತ್ತು. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ ಆಗಿರುವುದರಿಂದ ಅಲ್ಲಿ ದುಡಿಯುವವರು ತಮ್ಮ ಕೊಪ್ಪೆಯನ್ನು ತಾವೇ ನೋಡಿಕೊಳ್ಳಬೇಕಾಗಿತ್ತು. ಈಗ ಆ ಕಾಯ್ದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ವಿಲೀನಗೊಂಡಿದೆ.

ಹೊದಿಕೆಯೇ ಕಿಲ್ಟ್ ಆದ ಬಗೆ

ಈಗ ಸ್ಕಾಟ್ಲೆಂಡಿನ ಮಾತು. ಚಿಕ್ಕಮಗಳೂರು, ಮಂಜರಾಬಾದ್ ಸೀಮೆಯ ಕಾಫಿಯ ಚರಿತ್ರೆಯಲ್ಲಿ ಆ ನಾಡಿನವರ ಹೆಸರು ಆಗಾಗ ಬರುತ್ತದೆ. 1850ರ ದಶಕದಲ್ಲಿ ಇಲ್ಲಿಗೆ ಬಂದು ತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್ ಸ್ಕಾಟ್ಲೆಂಡಿನ ದಕ್ಷಿಣದ ಗಡಿಸೀಮೆಯವನು. ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ಕೃಷಿಯನ್ನು ಕುರಿತ ಅವನ ಗ್ರಂಥ 1894ರಲ್ಲಿ ಹೊರಬಂದಿತು. ಅವನೇನೂ ಕಿಲ್ಟ್ ಧರಿಸಿ ತೋಟ ಸುತ್ತಿದವನೆಂದು ಭಾವಿಸಬೇಕಾಗಿಲ್ಲ. ಕಿಲ್ಟ್ ಅಲ್ಲಿನ ಉತ್ತರದ ಗುಡ್ಡಗಾಡಿನವರ ಉಡುಪು, ಗಡಿಸೀಮೆಯವರದಲ್ಲ. ಸ್ಕಾಟ್ಲೆಂಡಿನವರೆಲ್ಲ ಕಿಲ್ಟ್ ಉಡುವವರು ಎಂಬ ಭಾವನೆ ಬಲವಾಗಿದ್ದು, 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಭೇಟಿಯಿತ್ತಾಗ ನಡೆದ ವೈಭವದ ನಂತರ.

ಅದಕ್ಕೂ ಮೊದಲು, ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ, ಆ ಗುಡ್ಡಗಾಡಿನ ಗಂಡಸರು ಉಡುತ್ತಿದ್ದುದು ‘ದೊಡ್ಡ ಕಿಲ್ಟ್’. ಅದು ಹೊಲಿದ ಉಡುಪಲ್ಲ. ಹಲವಾರು ಗಜ ಉದ್ದದ ಉಣ್ಣೆ ಹೊದಿಕೆ. ಅದನ್ನು ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಮೇಲೆ ಮಲಗಿ, ಸೊಂಟಕ್ಕೆ ಬೆಲ್ಟ್ ಬಿಗಿದು ಏಳುತ್ತಿದ್ದರೆಂದು ಹೇಳುತ್ತಾರೆ. ಸೊಂಟದ ಕೆಳಗಿನದು ನೆರಿಗೆಯಾಗಿ ಮೊಣಕಾಲಿನವರೆಗೆ ಇಳಿಯುತ್ತಿತ್ತು. ಮೇಲಿನ ಭಾಗವನ್ನು ಭುಜಕ್ಕೆ ಸಿಕ್ಕಿಸಬಹುದಿತ್ತು, ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳಬಹುದಿತ್ತು. ರಾತ್ರಿ ಬೆಲ್ಟ್ ಬಿಚ್ಚಿದರೆ ಅದೇ ಹೊದಿಕೆ. ಅಲ್ಲಿಯೂ ಮಗ್ಗ ಕಿರಿದಾಗಿದ್ದರಿಂದ ಎರಡು ಪಟ್ಟಿ ಜೋಡಿಸಿ ಅಗಲ ಮಾಡಿಕೊಳ್ಳುತ್ತಿದ್ದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮೇಲಿನರ್ಧವನ್ನು ಕೈಬಿಟ್ಟು ಕೆಳಗಿನರ್ಧವನ್ನಷ್ಟೇ ಉಳಿಸಿಕೊಂಡಾಗ ಇಂದಿನ ‘ಚಿಕ್ಕ ಕಿಲ್ಟ್’ ಹುಟ್ಟಿತು. 1746ರ ಕಾಯ್ದೆ ಈ ಉಡುಪನ್ನು ಸ್ಕಾಟ್ಲೆಂಡಿನಲ್ಲಿ ನಿಷೇಧಿಸಿತು. 1782ರಲ್ಲಿ ನಿಷೇಧ ತೆರವಾಯಿತು.

ದೊಡ್ಡ ಕಿಲ್ಟ್‌ನ ಮೇಲಿನರ್ಧ ನಮ್ಮ ಕೊಪ್ಪೆ, ಕೆಳಗಿನರ್ಧ ಕಿಲ್ಟ್ ಎಂದರೆ ಹೋಲಿಕೆ ಅತಿಯಾಗದು. ಕಾಫಿ ತೋಟದಲ್ಲಿ ಈ ಕೆಳಗಿನರ್ಧಕ್ಕೂ ಅಗತ್ಯವಿದೆ. ಕೊಪ್ಪೆ ತಲೆ ಬೆನ್ನುಗಳನ್ನು ಕಾಯುತ್ತದೆಯೇ ಹೊರತು ತೊಡೆ ಮೊಣಕಾಲುಗಳನ್ನಲ್ಲ. ಸಾಲುಗಳ ನಡುವೆ ನಡೆಯುವಾಗ ಗಿಡದ ರೆಂಬೆಗಳು ಸೊಂಟದ ಎತ್ತರದಲ್ಲಿ ನೀರು ಸುರಿಯುತ್ತವೆ. ಸೊಂಟಕ್ಕೆ ಗೋಣಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಸುತ್ತಿಕೊಂಡು ಕೆಲಸಕ್ಕೆ ಇಳಿಯುವ ರೂಢಿ ಬಂದದ್ದು ಇದರಿಂದಲೇ. (ಇಂಬಳಕ್ಕೆ ಮಾತ್ರ ಇದ್ಯಾವುದೂ ಅಡ್ಡಿಯಲ್ಲ. ಅದಕ್ಕೆ ಸುಣ್ಣ, ಹೊಗೆಸೊಪ್ಪುಗಳೇ ಗತಿ.)

ಹಳೆಯದನ್ನು ಹೊಲಿಯುವುದು

ಹಳೆಯ ಹೊದಿಕೆಯನ್ನು ಕೈಗೆತ್ತಿಕೊಳ್ಳುವವರು ಮೊದಲು ಅದು ಉಣ್ಣೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪೇಟೆಯ ‘ಉಲ್ಲನ್’ ಹೊದಿಕೆಗಳಲ್ಲಿ ಅನೇಕವು ಅಕ್ರಿಲಿಕ್‌ನಿಂದ ಆದವು. ಅಂಚಿನಿಂದ ಒಂದೆರಡು ಎಳೆ ಕಿತ್ತು, ಇಕ್ಕುಳದಲ್ಲಿ ಹಿಡಿದು ಬೆಂಕಿ ಸೋಕಿಸಿದರೆ ಗುಟ್ಟು ರಟ್ಟಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಥದ್ದನ್ನು ಒಲೆಯ ಹತ್ತಿರ ಹೊದ್ದು ಕೂರುವುದೂ ಅಪಾಯ.

ಎರಡನೆಯದು, ಕತ್ತರಿಸುವ ಮೊದಲು ಒಗೆಯುವುದು. ಉಣ್ಣೆಯನ್ನು ಬಿಸಿನೀರಿನಲ್ಲಿ ಕುಕ್ಕಿ ಒಗೆದರೆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಕೊಪ್ಪೆಗೆ ಇದು ಗುಣವೇ, ಗಾಳಿ ತೂರುವುದು ಕಡಿಮೆಯಾಗುತ್ತದೆ. ಆದರೆ ಹೊಲಿದಾದ ಮೇಲೆ ಹೀಗಾದರೆ ಅಳತೆ ಕೆಡುತ್ತದೆ. ಒಗೆದ ಕಂಬಳಿಯಲ್ಲಿ ಹುಣಸೆ ಬೀಜದ ಸರಿ ಹೋಗಿ ಮೆದುವಾಗುವುದು ಸಹಜ. ಅನಂತರ ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಸವೆದಿದೆ ಎಂಬುದು ಕಾಣುತ್ತದೆ. ಹೊದ್ದು ಮಲಗಿದ ಕಂಬಳಿ ಸವೆಯುವುದು ಹೆಚ್ಚಾಗಿ ನಡುವೆ. ಅಂಚುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ.

ಆರು ಮೊಳ ಉದ್ದ, ಮೂರು ಮೊಳ ಅಗಲದ ಕಂಬಳಿ ಎಂದರೆ ಸುಮಾರು 270 ಸೆಂ.ಮೀ. ಉದ್ದ, 135 ಸೆಂ.ಮೀ. ಅಗಲ. ಕೊಪ್ಪೆಗಾದರೆ ಕತ್ತರಿಯೇ ಬೇಡ. ಉದ್ದವನ್ನು ಅರ್ಧಕ್ಕೆ ಮಡಚಿದರೆ ಎರಡು ಪದರದ ಚೌಕ ಸಿಗುತ್ತದೆ. ಮಡಿಕೆಯ ಬದಿಯನ್ನು ಮೇಲಕ್ಕಿಟ್ಟು, ಅದರ ನಡುಬಿಂದುವಿನಿಂದ ಎರಡೂ ಕಡೆಯ 30 ಸೆಂ.ಮೀ. ಭಾಗವನ್ನು ಒಂದಕ್ಕೊಂದು ಸೇರಿಸಿ ಹೊಲಿದರೆ ತಲೆಯ ಮೇಲೆ ಕೂರುವ ಚೂಪು ಕುಲಾವಿಯಾಗುತ್ತದೆ. ಉಳಿದ ಅಂಚುಗಳು ಕೆನ್ನೆಯ ಪಕ್ಕದಿಂದ ಎದೆಯ ಮೇಲೆ ಇಳಿಯುತ್ತವೆ. ಗದ್ದದ ಕೆಳಗೆ ಒಂದು ದಾರ ಕಟ್ಟಿದರೆ ಗಾಳಿಗೆ ಹಾರುವುದಿಲ್ಲ. ಸಾಮಾನ್ಯ ಸೂಜಿ ಇಲ್ಲಿ ನಡೆಯದು, ಗೋಣಿ ಹೊಲಿಯುವ ದಬ್ಬಳವೇ ಬೇಕು. ಗೋಣಿ ಚೀಲದ ಕೊಪ್ಪೆಗೆ ಹೊಲಿಗೆಯೂ ಬೇಕಿಲ್ಲ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ಸಾಕು.

ಕಿಲ್ಟ್ ಹೊಲಿಯುವವರಿಗೆ ಆ ನಡುವಿನ ಜೋಡುಹೊಲಿಗೆ ಉಪಕಾರಕ್ಕೆ ಬರುವುದು ಈಗ. ಅದನ್ನು ಬಿಚ್ಚಿದರೆ ಕಂಬಳಿ ಸುಮಾರು 67 ಸೆಂ.ಮೀ. ಅಗಲದ ಎರಡು ಪಟ್ಟಿಗಳಾಗುತ್ತದೆ. ಸೊಂಟದಿಂದ ಮೊಣಕಾಲಿಗೆ ಬೇಕಾದ ಉದ್ದ ಹೆಚ್ಚುಕಡಿಮೆ ಅಷ್ಟೇ. ಮಗ್ಗದಿಂದ ಬಂದ ಅಂಚು ತಾನಾಗಿಯೇ ಎಳೆ ಬಿಡದ ಅಂಚಾದ್ದರಿಂದ ಕೆಳಗೆ ಮಡಚಿ ಹೊಲಿಯುವ ಅಗತ್ಯವಿಲ್ಲ. ಸ್ಕಾಟ್ಲೆಂಡಿನ ದರ್ಜಿಗಳೂ ಕಿಲ್ಟ್‌ನ ಕೆಳಬದಿಗೆ ನೇಯ್ಗೆಯ ಅಂಚನ್ನೇ ಬಿಡುತ್ತಾರೆ. ಸೊಂಟದ ಸುತ್ತಳತೆ 80 ಸೆಂ.ಮೀ. ಎಂದಿಟ್ಟುಕೊಂಡರೆ ಮುಂಭಾಗದ ಅರ್ಧಕ್ಕೆ ನೆರಿಗೆಯಿಲ್ಲದ ಎರಡು ಪದರ, ಅಂದರೆ 40 ಮತ್ತು 40. ಹಿಂಭಾಗದ 40 ಸೆಂ.ಮೀ.ಗೆ ನೆರಿಗೆ ಹಿಡಿಯಲು ಅದರ ಮೂರು ಪಟ್ಟು, 120. ಒಟ್ಟು 200. ಪಟ್ಟಿಯ ಉದ್ದ 270 ಇರುವುದರಿಂದ ಸವೆದ ಭಾಗವನ್ನು ಕತ್ತರಿಸಿ ಬಿಡಲು, ಸೊಂಟಪಟ್ಟಿಗೆ ಒಂದಿಷ್ಟು ತೆಗೆದಿಡಲು ಅವಕಾಶವಿದೆ. ಕತ್ತರಿಸಿದ ಬದಿಗಳು ಮಾತ್ರ ಎಳೆ ಬಿಡುತ್ತವೆ, ಅವನ್ನು ಕಾಜಾ ಹೊಲಿಗೆಯಿಂದ ಬಿಗಿಯಬೇಕು.

ನೆರಿಗೆಯೆಲ್ಲ ಹಿಂದಕ್ಕೇ ಏಕೆ ಎಂದು ಕೇಳಬಹುದು. ಹೆಜ್ಜೆ ಹಾಕುವಾಗ, ಬಗ್ಗುವಾಗ ಬಟ್ಟೆ ಅಗಲವಾಗಬೇಕಾದದ್ದು ಹಿಂದೆ. ಮುಂದಿನ ಭಾಗ ಚಪ್ಪಟೆಯಾಗಿದ್ದರೆ ನೀರು ಇಳಿದುಹೋಗುತ್ತದೆ. ಕಂಬಳಿ ದಪ್ಪವಾದ್ದರಿಂದ ಪೇಟೆಯ ಕಿಲ್ಟ್‌ನಂತೆ ಇಪ್ಪತ್ತು ಮೂವತ್ತು ನೆರಿಗೆ ಹಿಡಿಯಲು ಹೋಗಬಾರದು. ಐದಾರು ಸೆಂ.ಮೀ. ಅಗಲದ ಏಳೆಂಟು ಪೆಟ್ಟಿಗೆ ನೆರಿಗೆ ಸಾಕು. ಅವನ್ನು ಸೊಂಟದಿಂದ ಒಂದು ಗೇಣು ಕೆಳಗಿನವರೆಗೆ ಹೊಲಿದು, ಮುಂದಕ್ಕೆ ಬಿಡಬೇಕು. ಮನೆಯ ಹೊಲಿಗೆ ಯಂತ್ರದ ಸೂಜಿ ನೆರಿಗೆಯ ಮೂರು ಪದರದಲ್ಲಿ ಮುರಿಯುವ ಸಾಧ್ಯತೆಯೇ ಹೆಚ್ಚು, ಕೈಹೊಲಿಗೆಯೇ ವಾಸಿ. ಒಳಗೆ ಹತ್ತಿಯ ಅಸ್ತರು ಕೊಡದಿದ್ದರೆ ಚುಚ್ಚುತ್ತದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಸೊಂಟದ ಭಾಗಕ್ಕೆ ಮಾತ್ರ ಅಸ್ತರು ಸಾಕು. ಕೆಳಗಿನವರೆಗೆ ಕೊಟ್ಟರೆ ಹತ್ತಿ ನೀರು ಕುಡಿದು ತೊಡೆಗೆ ಅಂಟುತ್ತದೆ, ಉಣ್ಣೆ ಉಟ್ಟ ಪ್ರಯೋಜನವೇ ಇಲ್ಲ.

ಇನ್ನೊಂದು ಪಟ್ಟಿ ಹಾಗೆಯೇ ಉಳಿಯುತ್ತದೆ. ಅದು ಗಟ್ಟಿಯಾಗಿದ್ದರೆ ಎರಡನೆಯ ಕಿಲ್ಟ್ ಆಗಬಹುದು, ಅಥವಾ ತಲೆ ಭುಜಗಳನ್ನಷ್ಟೇ ಮುಚ್ಚುವ ಗಿಡ್ಡ ಕೊಪ್ಪೆ. ನಡುವೆ ತೂತು ಬಿದ್ದಿದ್ದರೆ ತೂತಿನ ಎರಡೂ ಬದಿಯ ಗಟ್ಟಿ ಭಾಗವನ್ನು ಬೇರ್ಪಡಿಸಿ, ಗುದ್ದಲಿ ಹಿಡಿದು ಮಂಡಿಯೂರುವವರಿಗೆ ಮೊಣಕಾಲು ಪಟ್ಟಿ ಮಾಡಿಕೊಡಬಹುದು. ಅದಕ್ಕೂ ಬಾರದ ಚೂರುಗಳನ್ನು ಸುರುಳಿ ಸುತ್ತಿ ದಾರದಿಂದ ಬಿಗಿದರೆ ಕಾಫಿ ಮೂಟೆ ಹೊರುವವರ ತಲೆಗೆ ಸಿಂಬೆ.